ಬಂದಳಿಕೆಯ ಎಲೆಯೊಳಗಿನ ಜೀವ

ಶ್ರವಣಬೆಳಗೊಳದ ಜೈನಮಠದ ಗೋಡೆಯ ಮೇಲೆ ಒಂದು ಮರವನ್ನೂ ಆರು ಮಂದಿಯನ್ನೂ ಚಿತ್ರಿಸಲಾಗಿದೆ. ಷಡ್ಲೇಶ್ಯೆಗಳನ್ನು ತಿಳಿಸುವ ಚಿತ್ರವದು. ಅದರ ಕಥೆ ಶ್ರಾವಕರ ಮನೆಯ ಮಕ್ಕಳಿಗೂ ಗೊತ್ತು. ಹಸಿದ ಆರು ಮಂದಿ ಹಣ್ಣು ತುಂಬಿದ ಮರದ ಬಳಿಗೆ ಬರುತ್ತಾರೆ. ಮರವನ್ನೇ ಬುಡಸಹಿತ ಕೆಡವೋಣ ಎನ್ನುವವನು ಕೃಷ್ಣಲೇಶ್ಯೆಯವನು. ಕಾಂಡ ಸಾಕು, ಕೊಂಬೆ ಸಾಕು, ಗೊಂಚಲು ಸಾಕು, ಮಾಗಿದ ಹಣ್ಣಷ್ಟೇ ಸಾಕು ಎನ್ನುತ್ತ ಭಾವ ತಿಳಿಯಾಗುತ್ತ ಹೋಗುತ್ತದೆ. ನೆಲಕ್ಕೆ ಬಿದ್ದುದನ್ನು ಮಾತ್ರ ಆಯ್ದುಕೊಳ್ಳುವವನು ಶುಕ್ಲಲೇಶ್ಯೆಯವನು.

ಕಥೆ ಕೇಳಿದವರೆಲ್ಲ ಆರನೆಯವನ ಪಕ್ಕದಲ್ಲೇ ನಿಲ್ಲಲು ಬಯಸುವುದು ಸಹಜ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ: ಏನನ್ನೂ ಮುಟ್ಟದೆ ಕೈಕಟ್ಟಿ ಕುಳಿತರೆ ಅಹಿಂಸೆ ತಾನಾಗಿಯೇ ಪಾಲನೆಯಾಗುತ್ತದೆ ಎಂಬುದು. ಸರ್ವಸಂಗವನ್ನೂ ತೊರೆದ ಮುನಿಗೆ ತೋಟವಿಲ್ಲ. ತೋಟವುಳ್ಳ ಗೃಹಸ್ಥನಿಗೆ ಇಷ್ಟು ಸಾಲದು. ಏಕೆ ಸಾಲದೆಂಬುದಕ್ಕೆ ದೂರದ ಇಂಗ್ಲೆಂಡಿನ ಒಂದು ಅಪರೂಪದ ಪತಂಗವೇ ಸಾಕ್ಷಿ.

ಹೆರೆಫರ್ಡ್‌ಶೈರ್, ವೂಸ್ಟರ್‌ಶೈರ್, ಸಾಮರ್‌ಸೆಟ್ ಮೊದಲಾದ ಸೀಮೆಗಳ ಹಳೆಯ ಸೇಬಿನ ತೋಟಗಳು ಅದರ ನೆಲೆ. ಅಲ್ಲಿಯ ಮರಗಳ ಮೇಲೆ, ನಮ್ಮ ಮಾವಿನ ಮರಗಳಲ್ಲಿ ಕಾಣುವಂಥದೇ ಬಂದಳಿಕೆ ಬೆಳೆಯುತ್ತದೆ. ಹಕ್ಕಿಗಳು ಅಂಟುಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುತ್ತವೆ. 1882ರಲ್ಲಿ ಶಾಸ್ತ್ರೀಯವಾಗಿ ವರ್ಣಿತವಾದ, ಸೆಲಿಫಾ ವುಡಿಯಾನಾ ಎಂಬ ಈ ಪತಂಗದ ಮರಿಹುಳು ಬಂದಳಿಕೆಯ ಎಲೆಯನ್ನಲ್ಲದೆ ಬೇರೇನನ್ನೂ ತಿನ್ನದು. ರೆಕ್ಕೆ ಬಿಚ್ಚಿದರೂ ಪತಂಗದ ಅಗಲ ಸುಮಾರು ಒಂದೂವರೆ ಸೆಂಟಿಮೀಟರ್. ಚಳಿಗಾಲದಲ್ಲಿ ಸೇಬಿನ ಮರ ಎಲೆಯುದುರಿಸಿ ಬೋಳಾದಾಗಲೂ ಬಂದಳಿಕೆ ಹಸಿರಾಗಿರುತ್ತದೆ. ಆ ಹಸಿರೆಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದುಕೊಂಡು ಹುಳು ಹಿಮದ ದಿನಗಳನ್ನು ಕಳೆಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪತಂಗವಾಗಿ ಹಾರುತ್ತದೆ. ಇಲ್ಲಿ ಮುನಿಗಳು ಜೀವರಾಶಿಗೆ ಬಾಧೆಯಾಗದಿರಲೆಂದು ವಿಹಾರ ನಿಲ್ಲಿಸಿ ಚಾತುರ್ಮಾಸದಲ್ಲಿರುವ ಕಾಲವೂ ಅದೇ.

ಆಗಮದ ಲೆಕ್ಕದಲ್ಲಿ ಪತಂಗ ಚತುರಿಂದ್ರಿಯ ಜೀವ. ಸ್ಪರ್ಶನ, ರಸನ, ಘ್ರಾಣ, ಚಕ್ಷು ಎಂಬ ನಾಲ್ಕು ಇಂದ್ರಿಯಗಳು ಅದಕ್ಕಿವೆ. ಅದರ ನೆಲೆ ಕುಗ್ಗಿದ್ದು ಎರಡು ಬಗೆಯಿಂದ. ಕಳೆದ ಶತಮಾನದಲ್ಲಿ ಹಳೆಯ ತೋಟಗಳನ್ನು ಬೇರೆ ಬೆಳೆಗಾಗಿ, ಮನೆಗಳಿಗಾಗಿ ಬುಡಸಹಿತ ಕಿತ್ತರು. ಇದು ಕೃಷ್ಣಲೇಶ್ಯೆಯ ದಾರಿ, ಎಲ್ಲರಿಗೂ ಗುರುತು ಹತ್ತುವಂಥದು. ಎರಡನೆಯದು ಸುಲಭವಾಗಿ ಗುರುತು ಹತ್ತದು. ಕೀಳದೆ ಉಳಿದ ತೋಟಗಳಲ್ಲಿ ಹಲವನ್ನು ಒಡೆಯರು ಸುಮ್ಮನೆ ಬಿಟ್ಟುಬಿಟ್ಟರು. ಬಂದಳಿಕೆ ಮಿತಿಮೀರಿ ಹಬ್ಬಿತು; ಮರದ ನೀರು, ಸಾರ ಹೀರಿತು. ಭಾರ ತಾಳದೆ ಕೊಂಬೆಗಳು ಗಾಳಿಗೆ ಮುರಿದವು. ಮರ ಸತ್ತರೆ ಬಂದಳಿಕೆಯೂ ಸಾಯುತ್ತದೆ, ಎಲೆಯೊಳಗಿನ ಹುಳುವೂ ಸಾಯುತ್ತದೆ. ಅಲ್ಲಿ ಯಾರೂ ಕೊಡಲಿ ಎತ್ತಿರಲಿಲ್ಲ.

ಲೋಭವೂ ಇಲ್ಲಿ ತನ್ನ ಪಾಲು ಪಡೆದಿದೆ. ಬಂದಳಿಕೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬಿಳಿ ಹಣ್ಣುಗಳಿರುವ ಹೆಣ್ಣು ಗಿಡಕ್ಕೆ ಕ್ರಿಸ್‌ಮಸ್ ಸಮಯದಲ್ಲಿ ಬೇಡಿಕೆ ಹೆಚ್ಚು. ಟೆನ್‌ಬರಿ ವೆಲ್ಸ್ ಪೇಟೆಯಲ್ಲಿ ಅದರ ಹರಾಜೇ ನಡೆಯುತ್ತದೆ. ಬೆಲೆ ಬರುವ ಹೆಣ್ಣನ್ನೇ ಕೊಯ್ದು, ಬೆಲೆಯಿಲ್ಲದ ಗಂಡನ್ನು ಬಿಟ್ಟರೆ ಅದೇ ಮರವನ್ನು ಮುತ್ತುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಎರಡನ್ನೂ ಹದವಾಗಿ ಸವರಿ, ಅಷ್ಟಿಷ್ಟು ಉಳಿಸಿ, ಮುದಿ ಮರಗಳ ನಡುವೆ ಹೊಸ ಸಸಿ ನೆಡುತ್ತಾರೆ. ಪತಂಗ ಇಂದು ಉಳಿಯಬೇಕಾದರೆ ಇಂಥ ಕೈಗಳೇ ಆಸರೆ. ಸವರುವಾಗ ಕೆಲವು ಎಲೆಗಳೊಡನೆ ಕೆಲವು ಹುಳುಗಳೂ ಹೋಗಬಹುದು. ಅದು ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಅದನ್ನು ಪುಣ್ಯವೆಂದು ಕರೆಯಬೇಕಿಲ್ಲ. ಆದರೆ ಅದಕ್ಕೆ ಹೆದರಿ ತೋಟವನ್ನೇ ಪಾಳುಗೆಡವಿದವನ ಲೆಕ್ಕ ಅದಕ್ಕಿಂತ ದೊಡ್ಡದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹರಣಕ್ಕೂ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಪ್ರಮಾದವೆಂದರೆ ಅಲಕ್ಷ್ಯ, ಎಚ್ಚರಗೇಡಿತನ.

ನಮ್ಮಲ್ಲಿ ಇದರ ಇನ್ನೊಂದು ರೂಪವಿದೆ. ದೀಪಕ್ಕೆ ಬೀಳುವ ಹುಳು ಅನ್ನದಲ್ಲಿ ಸೇರೀತೆಂದು ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ, ನೀರನ್ನು ಸೋಸಿಯೇ ಕುಡಿಯುವ ಮನೆಗಳಲ್ಲೂ ಮಾವು, ದಾಳಿಂಬೆ, ದ್ರಾಕ್ಷಿಯ ತೋಟಗಳಿವೆ. ಅಲ್ಲಿ ಔಷಧಿ ಹೊಡೆಯುವ ದಿನವನ್ನು ಗುತ್ತಿಗೆದಾರನೇ ಗೊತ್ತುಮಾಡುತ್ತಾನೆ. ಕೀಟ ಬಂದಿದೆಯೋ ಇಲ್ಲವೋ, ಬಂದಿದ್ದರೆ ಎಷ್ಟು, ಎಂದು ಒಡೆಯರು ಹೋಗಿ ನೋಡಿರುವುದಿಲ್ಲ. ಕೊಲ್ಲುವವನು ತಾನಲ್ಲವಲ್ಲ ಎಂಬ ಸಮಾಧಾನ ಬೇರೆ! ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ಎರಡನೆಯ ಬಾಗಿಲನ್ನು ತೆರೆದಿಟ್ಟು ಪಟ್ಟಣದಲ್ಲಿ ನೆಮ್ಮದಿಯಾಗಿರುತ್ತಾರೆ.

ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಡುವ ನಿಯಮವನ್ನು ಬಹಳ ಮಂದಿ ಹಿಡಿಯುತ್ತಾರೆ. ತೋಟವುಳ್ಳವರು ಅದರೊಡನೆ ಇನ್ನೊಂದನ್ನೂ ಹಿಡಿಯಬಹುದು: ಸ್ವತಃ ಮರದ ಕೆಳಗೆ ನಿಂತು, ನಾಲ್ಕು ಎಲೆಗಳನ್ನು ತಿರುಗಿಸಿ ನೋಡದ ಹೊರತು ಔಷಧಿಗೆ ಒಪ್ಪಿಗೆ ಕೊಡುವುದಿಲ್ಲವೆಂದು.