ಸರ್ಕಾರದ ಆಯುಷ್ಯ: ರಾಜಭವನದಿಂದ ರೆಸಾರ್ಟಿಗೆ

ಬೆಂಗಳೂರು: ಶಾಸಕರು ರೆಸಾರ್ಟ್ ಸೇರಿದಾಗಲೆಲ್ಲ ಗಾಂಧಿ ಬಜಾರ್, ಮಲ್ಲೇಶ್ವರದ ಕಾಫಿ ಹರಟೆಗಳಲ್ಲಿ ಹಳೆಯ ಮಾತೊಂದು ಮರುಕಳಿಸುತ್ತದೆ: ಅಧ್ಯಕ್ಷೀಯ ಪದ್ಧತಿ ಬಂದರೆ ಈ ಗೊಂದಲ ಇರದು. ಬಲಿಷ್ಠ ಅಧ್ಯಕ್ಷರಿದ್ದರೆ ಸರ್ಕಾರವೂ ಸ್ಥಿರ ಎಂಬ ಈ ನಂಬಿಕೆಗೆ ಹೊರದೇಶಗಳ ಅನುಭವವಾಗಲಿ, ಕರ್ನಾಟಕದ್ದಾಗಲಿ ಪುಷ್ಟಿ ನೀಡುವುದಿಲ್ಲ.

ಅರೆ-ಅಧ್ಯಕ್ಷೀಯ ಪದ್ಧತಿಯ ಫ್ರಾನ್ಸಿನಲ್ಲಿ ಸಂಸತ್ತಿನ ಕೆಳಮನೆಯನ್ನು ವಿಸರ್ಜಿಸುವ ಅಧಿಕಾರ ಜನರೇ ಆರಿಸಿದ ಅಧ್ಯಕ್ಷರಿಗಿದೆ. 2024ರ ಜೂನ್‌ನಲ್ಲಿ ಎಮಾನ್ಯುಯೆಲ್ ಮ್ಯಾಕ್ರನ್ ಅದನ್ನು ಚಲಾಯಿಸಿದರು. ಯಾರಿಗೂ ಬಹುಮತ ಬರಲಿಲ್ಲ. ಪ್ರಧಾನಿ ಮಿಶೆಲ್ ಬಾರ್ನಿಯೆ ಸರ್ಕಾರ ಮೂರೇ ತಿಂಗಳಲ್ಲಿ ಉರುಳಿತು. 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ವಾ ಬೈರೂ ಕೂಡ ವಿಶ್ವಾಸಮತ ಸೋತರು. ಅಮೆರಿಕದಲ್ಲಿ ಸರ್ಕಾರ ಉರುಳದು ನಿಜ. ಆದರೆ ಹಣ ಮಂಜೂರಾಗದೆ 2025ರಲ್ಲಿ 43 ದಿನ ಸರ್ಕಾರಿ ಕೆಲಸಗಳೇ ಸ್ಥಗಿತಗೊಂಡಿದ್ದವು.

ಕರ್ನಾಟಕ ಕಂಡದ್ದು ಇನ್ನೊಂದು ಮುಖ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂಪಡೆದಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಮರುದಿನವೇ ಅವರಲ್ಲಿ ಏಳು ಮಂದಿ ತಾವು ಸರ್ಕಾರದ ಪರವೆಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ಸಾಬೀತುಪಡಿಸುವುದಾಗಿ ಬೊಮ್ಮಾಯಿ ಹೇಳಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು 356ನೇ ವಿಧಿಯನ್ವಯ ಸರ್ಕಾರ ವಜಾ ಆಯಿತು. ಸಹಿ ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರದು, ತೀರ್ಮಾನ ರಾಜೀವ್ ಗಾಂಧಿ ಸಂಪುಟದ್ದು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ವಜಾ ಅಸಾಂವಿಧಾನಿಕವೆಂದಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ. ಅಷ್ಟರಲ್ಲಿ ಚುನಾವಣೆಯೇ ನಡೆದುಹೋಗಿದ್ದರಿಂದ ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ಫಲ ಉಂಡವರು ಬೇರೆಯವರು. 2018ರ ಮೇ ತಿಂಗಳಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಅವರು ಯಡಿಯೂರಪ್ಪನವರಿಗೆ ನೀಡಿದ್ದ 15 ದಿನಗಳ ಗಡುವನ್ನು ಕೋರ್ಟ್ ಮೊಟಕುಗೊಳಿಸಿ ಮರುದಿನವೇ ವಿಶ್ವಾಸಮತಕ್ಕೆ ಆದೇಶಿಸಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ನೀಡಿದರು.

ಹೀಗೆ ಎಣಿಕೆಯ ಸ್ಥಳ ನಿಗದಿಯಾಯಿತು. ಎಣಿಕೆಗೆ ಮೊದಲು ತಲೆಗಳನ್ನೇ ಕಡಿಮೆ ಮಾಡುವ ದಾರಿ ಮಾತ್ರ ತೆರೆದೇ ಉಳಿಯಿತು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ಬಿದ್ದದ್ದು ಸದನದಲ್ಲೇ, ನಿಯಮದಂತೆಯೇ. ಆದರೆ ಅದರ ಹಣೆಬರಹ ರಾಜೀನಾಮೆ ಕೊಟ್ಟು ಮುಂಬೈಯಲ್ಲಿ ತಂಗಿದ್ದ ಶಾಸಕರಿಂದ ಆಗಲೇ ನಿರ್ಧಾರವಾಗಿತ್ತು. 17 ಮಂದಿಯ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲವೆಂದಿತು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರ ಪೈಕಿ 13 ಮಂದಿಗೆ ಬಿಜೆಪಿ ಟಿಕೆಟ್ ಸಿಕ್ಕಿತು. 11 ಮಂದಿ ಗೆದ್ದು ಅದೇ ಸದನಕ್ಕೆ ಮರಳಿದರು.