ಜೀನು ಹಣೆಬರಹವಲ್ಲ

ವಿದ್ಯಾರ್ಥಿಯೊಬ್ಬನು ಗಣಿತದಲ್ಲಿ ಹಿಂದೆ ಬಿದ್ದರೆ, ‘ಅದು ಹುಟ್ಟುಗುಣ, ಜೀನಿನಲ್ಲಿಯೇ ಇದೆ’ ಎನ್ನುವ ಮಾತು ಸುಶಿಕ್ಷಿತರಿಂದಲೂ ಕೇಳಿಬರುತ್ತದೆ. ಹಾಗೆನ್ನುವವರು ಜೀಬ್ರಾಮೀನಿನ ಭ್ರೂಣವನ್ನು ಒಮ್ಮೆ ನೋಡಬೇಕು.

ಗಂಗೆಯ ಬಯಲಿನ ಹೊಳೆಗಳಲ್ಲಿ ವಾಸಿಸುವ ಈ ಪುಟ್ಟ ಮೀನಿನ ಭ್ರೂಣವು ಪಾರದರ್ಶಕವಾದುದು. ತಾಯಿಯ ಒಡಲಿನ ಹೊರಗೆ, ಒಂದೇ ದಿನದಲ್ಲಿ ತಲೆಯಿಂದ ಬಾಲದವರೆಗೆ ರೂಪ ತಳೆಯುತ್ತದೆ. ಮೊದಲ 3 ಗಂಟೆಗಳ ಕಾಲ ಅದರ ಸ್ವಂತ ಜೀನುಗಳು ಬಹುಮಟ್ಟಿಗೆ ಮೌನವಾಗಿರುತ್ತವೆ. ತಾಯಿಯು ತತ್ತಿಯಲ್ಲಿ ಇರಿಸಿದ ಸಾಮಗ್ರಿಯಿಂದ ಸಿದ್ಧವಾದ ಕೆಲವು ಪ್ರೋಟೀನುಗಳು ಡಿ.ಎನ್.ಎ.ಗೆ ಅಂಟಿಕೊಂಡು ಅವನ್ನು ಎಚ್ಚರಿಸುತ್ತವೆಯೆಂಬುದು 2013ರ ಸಂಶೋಧನೆಗಳಿಂದ ಸ್ಪಷ್ಟವಾಯಿತು. ಹೀಗೆ ಎಚ್ಚೆತ್ತ ಕೆಲವು ಜೀನುಗಳು ಇತರ ಜೀನುಗಳನ್ನು ನಡೆಸುತ್ತವೆ. ‘ನೋ ಟೇಲ್’ ಎಂಬುದು ಅಂಥದೊಂದು. ಅದು ಕೆಟ್ಟರೆ ಬೆನ್ನೆಲುಬಿಗೆ ಮುನ್ನ ಮೂಡುವ ನೋಟೊಕಾರ್ಡ್ ದಂಡವು ಬೆಳೆಯದು, ಬಾಲವೂ ಮೂಡದು. ಆದರೆ ಅದೂ ಸ್ವತಂತ್ರವಲ್ಲ. ನೆರೆಯ ಕೋಶಗಳ ಸಂಕೇತ ಬಂದಾಗ, ತನ್ನ ಸ್ಥಳದಲ್ಲಿ, ತನ್ನ ಕಾಲದಲ್ಲಿ ಮಾತ್ರ ದುಡಿಯುತ್ತದೆ.

ಜೀನಿನ ಪಾತ್ರವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ಒಡೆಯನಲ್ಲ, ಕಾಯಕಜೀವಿ. ಶರಣರು ಸಾರಿದ ಸಮತೆಗೆ ಮೀನಿನ ಸಾಕ್ಷ್ಯ ಬೇಕಿಲ್ಲ. ಆದರೂ ಹುಟ್ಟಿನ ಮೇಲುಕೀಳನ್ನು ವಿಜ್ಞಾನದ ಹೆಸರಿನಲ್ಲಿ ಮರಳಿ ತರುವುದನ್ನು ನಾವು ಒಪ್ಪಲಾಗದು. ಮಗುವಿನ ಹಣೆಗೆ ಮುದ್ರೆಯೊತ್ತುವ ಮುನ್ನ, ಎಚ್ಚರಿಸುವ ನಮ್ಮ ಕಾಯಕವನ್ನು ನಾವು ಮಾಡಿದ್ದೇವೆಯೇ ಎಂದು ಶಿಕ್ಷಕರಾದ ನಾವು ಕೇಳಿಕೊಳ್ಳೋಣ.