ಸಾಲಕ್ಕೆ ಮುನ್ನ ವಿದ್ಯಾರ್ಥಿವೇತನ

ಮಕ್ಕಳ ಪದವಿ ಪ್ರವೇಶದ ದಿನಗಳಲ್ಲಿ ಬ್ಯಾಂಕಿಗೆ ಬರುವ ಪೋಷಕರು ಮೊದಲು ವಿಚಾರಿಸುವುದು ಶಿಕ್ಷಣ ಸಾಲವನ್ನೇ. ಮರುಪಾವತಿ ಬೇಡದ ನೆರವಿನ ಅರಿವು ಅನೇಕರಿಗಿಲ್ಲ.

ಕೇಂದ್ರ ವಲಯದ ವಿದ್ಯಾರ್ಥಿವೇತನ ಯೋಜನೆಯಲ್ಲಿ ಪ್ರತಿವರ್ಷ 82,000 ಹೊಸಬರಿಗೆ ಅವಕಾಶವಿದೆ. ಹನ್ನೆರಡನೆಯ ತರಗತಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿದ್ದು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದವರು ಅರ್ಜಿ ಸಲ್ಲಿಸಬಹುದು. ಪದವಿಯ ಮೊದಲ ಮೂರು ವರ್ಷ ವಾರ್ಷಿಕ 12,000 ರೂ. ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ತಿಂಗಳಿಗೆ ಸಾವಿರ! ಮುಖರ್ಜಿ ನಗರದ ಕೋಣೆಯ ಬಾಡಿಗೆಗೂ ಇದು ಸಾಲದು. ಆದರೂ ಅಷ್ಟರಮಟ್ಟಿಗೆ ಸಾಲದ ಹೊರೆ ತಗ್ಗುತ್ತದೆ.

ನಮ್ಮಲ್ಲಿ ಬಹುತೇಕರ ಆದಾಯ ಈ ಮಿತಿಯನ್ನು ದಾಟಿದೆ. ಆದರೆ ಇದೇ ನಗರದ ಹೋಟೆಲುಗಳಲ್ಲಿ, ಮನೆಗಳಲ್ಲಿ ದುಡಿಯುವ ಕನ್ನಡಿಗರದು ದಾಟಿಲ್ಲ. ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಖಾತೆ ಇವೆರಡನ್ನು ಸಕಾಲದಲ್ಲಿ ಹೊಂದಿಸಲು ನಾವು ಅವರ ಜೊತೆ ನಿಲ್ಲಬೇಕು. ಅರ್ಹತೆಯಿದ್ದೂ ಕಾಗದಪತ್ರದ ಕೊರತೆಯಿಂದ ನೆರವು ತಪ್ಪಿದರೆ, ಆ ನಷ್ಟ ನಮ್ಮೆಲ್ಲರದು.